ಗದ್ದೆಯ ನಾಡಿನಲ್ಲಿ ಅಕ್ಕಿಗೆ ಪರದಾಟ: ಪ್ರವಾಸಿಗರು ನಿಂತಾಗ ಬಾಲಿಯಲ್ಲಿ ಆದದ್ದೇನು?

2025ರ ಸೆಪ್ಟೆಂಬರ್‌ನಲ್ಲಿ ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ಪ್ರವಾಹ ಬಂತು. ಹತ್ತಕ್ಕೂ ಜಾಸ್ತಿ ಜನ ಸತ್ತರು. ಅದರ ಬೆನ್ನಲ್ಲೇ ಅಲ್ಲಿನ ಗವರ್ನರ್ ವಯಾನ್ ಕೊಸ್ಟರ್ ಒಂದು ಮಾತು ಹೇಳಿದರು. ಬೆಳೆ ಬೆಳೆಯುವ ಜಮೀನಿನಲ್ಲಿ ಹೊಸ ಹೋಟೆಲ್, ರೆಸ್ಟೋರೆಂಟ್ ಕಟ್ಟಲು ಇನ್ನು ಅನುಮತಿ ಇಲ್ಲ ಅಂತ.

ಸುದ್ದಿ ಓದಿದವರಿಗೆ ಗೊಂದಲ ಆಗಿದ್ದರೆ ತಪ್ಪೇನಿಲ್ಲ. 2024ರಲ್ಲಿ ಬಾಲಿಗೆ ಸುಮಾರು 63 ಲಕ್ಷ ವಿದೇಶಿಗರು ಬಂದಿದ್ದರು. ಕೊರೊನಾಗೆ ಮುಂಚಿನ ಲೆಕ್ಕವನ್ನೂ ದಾಟಿಯಾಗಿತ್ತು. ಆಸ್ಟ್ರೇಲಿಯಾದವರನ್ನು ಬಿಟ್ಟರೆ ಅಲ್ಲಿಗೆ ಹೆಚ್ಚು ಹೋಗುವವರು ನಾವು ಭಾರತೀಯರೇ. 2024ರ ಮಾರ್ಚ್‌ನಿಂದ ಬೆಂಗಳೂರಿನಿಂದಲೇ ನೇರ ವಿಮಾನ ಇದೆ. ವ್ಯಾಪಾರ ಇಷ್ಟು ಜೋರಾಗಿರುವಾಗ ಹೋಟೆಲ್ ಬೇಡ ಅನ್ನುವುದೇಕೆ?

ಪ್ರವಾಹ ಇದಕ್ಕೆ ಅರ್ಧ ಉತ್ತರ. ಗದ್ದೆ ಮುಚ್ಚಿ ಕಾಂಕ್ರೀಟ್ ಹಾಕಿದರೆ ಮಳೆನೀರಿಗೆ ಜಾಗ ಇರುವುದಿಲ್ಲ, ಅಷ್ಟೇ. ಉಳಿದರ್ಧ ಉತ್ತರ 2020 ಮತ್ತು 2021ರಲ್ಲಿದೆ. ಆಗ ಇದೇ ದ್ವೀಪದಲ್ಲಿ ನಿನ್ನೆ ಮೊನ್ನೆಯವರೆಗೆ ಚೆನ್ನಾಗಿ ದುಡಿಯುತ್ತಿದ್ದ ಮನೆಗಳವರು ಅಕ್ಕಿ ಚೀಲಕ್ಕೆ ಕೈಯೊಡ್ಡಬೇಕಾಯಿತು.

ಲಕ್ಷದಿಂದ ಐವತ್ತೊಂದಕ್ಕೆ

2019ರಲ್ಲಿ ಬಾಲಿಗೆ ಬಂದ ವಿದೇಶಿಗರು ಸುಮಾರು 62.8 ಲಕ್ಷ. 2020ರಲ್ಲಿ ಸುಮಾರು 10.7 ಲಕ್ಷ, ಅದೂ ಬಹುತೇಕ ಮೊದಲ ಮೂರು ತಿಂಗಳಲ್ಲಿ. 2021ರಲ್ಲಿ ಇಡೀ ವರ್ಷಕ್ಕೆ 51. ಮುಂದೆ ‘ಸಾವಿರ’ ಅಂತ ಬರೆಯುವುದು ಮರೆತದ್ದಲ್ಲ, ಐವತ್ತೊಂದೇ ಜನ. ನೇರವಾಗಿ ಬಾಲಿಯಲ್ಲೇ ಬಂದಿಳಿದವರ ಲೆಕ್ಕ ಇದು. ಜಕಾರ್ತಾ ದಾರಿಯಲ್ಲಿ ಬಂದವರು ಇದರಲ್ಲಿ ಸೇರಿಲ್ಲ. ಸೇರಿಸಿದರೂ ಚಿತ್ರವೇನೂ ಬದಲಾಗದು.

ಬಾಲಿಯ ಆದಾಯದ ಅರ್ಧಕ್ಕಿಂತ ಹೆಚ್ಚು ನೇರವಾಗಿಯೋ ಸುತ್ತುಬಳಸಿಯೋ ಪ್ರವಾಸಿಗರಿಂದ ಬರುತ್ತದೆ. ಹಾಗಾಗಿ 2020ರಲ್ಲಿ ಇಡೀ ಇಂಡೋನೇಷ್ಯಾದ ಆರ್ಥಿಕತೆ ಶೇ 2ರಷ್ಟು ಕುಗ್ಗಿದರೆ ಬಾಲಿಯದು ಶೇ 9ಕ್ಕೂ ಹೆಚ್ಚು ಕುಗ್ಗಿತು.

ಬಾಲಿಯವರಿಗೆ ಪೆಟ್ಟು ಹೊಸದೇನಲ್ಲ. 2002ರ ಬಾಂಬ್ ದಾಳಿಯಲ್ಲಿ 202 ಜನ ಸತ್ತಿದ್ದರು. 2017ರಲ್ಲಿ ಅಗುಂಗ್ ಜ್ವಾಲಾಮುಖಿ ಎದ್ದು ವಿಮಾನ ನಿಲ್ದಾಣವನ್ನೇ ಮುಚ್ಚಬೇಕಾಗಿತ್ತು. ಪ್ರತಿ ಸಲವೂ ಪ್ರವಾಸಿಗರು ವಾಪಸ್ ಬಂದರು. ಇದೇ ಅನುಭವ ಈ ಸಲ ಮುಳುವಾಯಿತು. ಇನ್ನೊಂದು ಮೂರು ತಿಂಗಳು ಹೇಗೋ ತಳ್ಳೋಣ ಅಂತ ಜನ ಕಾದರು. ಮೊದಲು ಉಳಿತಾಯ ಕರಗಿತು, ಆಮೇಲೆ ಒಡವೆ, ಆಮೇಲೆ ಸ್ಕೂಟರ್. ವಿದೇಶಿಗರಿಗೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 14ರಂದು. ಹೊರದೇಶದಿಂದ ಮೊದಲ ನೇರ ವಿಮಾನ ಇಳಿದದ್ದು 2022ರ ಫೆಬ್ರವರಿಯಲ್ಲಿ. ಮೂರು ತಿಂಗಳು ಅಂದುಕೊಂಡಿದ್ದು ಎರಡು ವರ್ಷದ ಹತ್ತಿರ ಹೋಯಿತು.

ಕೆಲಸ ಇದೆ, ಸಂಬಳ ಇಲ್ಲ

ಆ ದಿನಗಳಲ್ಲಿ ಬಾಲಿಯಲ್ಲಿ ತುಂಬಾ ಕೇಳಿಬಂದ ಪದ ‘ದಿರುಮಾಹ್‌ಕನ್’. ‘ಮನೆಗೆ ಕಳಿಸಲ್ಪಟ್ಟವರು’ ಅಂತ ಅರ್ಥ. ಕೆಲಸದಿಂದ ತೆಗೆದರೆ ಪರಿಹಾರ ಕೊಡಬೇಕು. ಮನೆಗೆ ಕಳಿಸಿದರೆ ಕೊಡಬೇಕಿಲ್ಲ. ಹೋಟೆಲ್ ಮತ್ತೆ ತೆರೆದಾಗ ಬಾ ಅನ್ನಬಹುದು. ಅಲ್ಲಿಯವರೆಗೆ ಅರ್ಧ ಸಂಬಳ, ಕಾಲು ಸಂಬಳ, ಎಷ್ಟೋ ಕಡೆ ಏನೂ ಇಲ್ಲ. ಹೀಗೆ ಮನೆಗೆ ಹೋದವರು, ಕೆಲಸ ಪೂರ್ತಿ ಕಳೆದುಕೊಂಡವರಿಗಿಂತ ಹಲವು ಪಟ್ಟು ಜಾಸ್ತಿ ಇದ್ದರು.

ಅರ್ಧ ಸಂಬಳ ಅಂದರೂ ಅದು ನಿಜವಾದ ಅರ್ಧವಲ್ಲ. ಇಂಡೋನೇಷ್ಯಾದ ದೊಡ್ಡ ಹೋಟೆಲ್‌ಗಳಲ್ಲಿ ಬಿಲ್ಲಿನ ಮೇಲೆ ಸರ್ವಿಸ್ ಚಾರ್ಜ್ ಹಾಕುತ್ತಾರೆ. ಅದನ್ನು ಸಿಬ್ಬಂದಿಗೆ ಹಂಚುತ್ತಾರೆ. ಸೀಸನ್ ಚೆನ್ನಾಗಿದ್ದರೆ ಈ ಪಾಲು ಮೂಲ ಸಂಬಳದಷ್ಟೇ ಬರುವುದುಂಟು. ಕೋಣೆ ಖಾಲಿ ಬಿದ್ದರೆ ಅದು ಸೊನ್ನೆ. ಅಂದರೆ ಎರಡು ರೂಪಾಯಿ ಬರುತ್ತಿದ್ದವನಿಗೆ ಮೊದಲು ಒಂದು ಹೋಯಿತು, ಉಳಿದ ಒಂದರಲ್ಲಿ ಅರ್ಧ ಹೋಯಿತು. ಬೈಕ್ ಕಂತು, ಮಕ್ಕಳ ಫೀಸು, ಬಾಡಿಗೆ ಎಲ್ಲ ಆ ಎರಡು ರೂಪಾಯಿಯ ಲೆಕ್ಕದಲ್ಲೇ ಕೂತಿದ್ದವು.

ಇದು ಸಂಬಳದವರ ಕಥೆ. ಬಾಡಿಗೆ ಕಾರಿನ ಡ್ರೈವರ್, ಬೀಚ್‌ನಲ್ಲಿ ಮಸಾಜ್ ಮಾಡುವ ಹೆಂಗಸರು, ಮರದ ಬೊಂಬೆ ಕೆತ್ತುವವರಿಗೆ ಮನೆಗೆ ಕಳಿಸಲು ಒಬ್ಬ ಮಾಲೀಕನೂ ಇರಲಿಲ್ಲ.

ಬಡತನ ಹೆಚ್ಚಲಿಲ್ಲವೇ?

ಇಲ್ಲೊಂದು ವಿಚಿತ್ರ ಇದೆ. ಸರ್ಕಾರಿ ಲೆಕ್ಕದಲ್ಲಿ ಬಾಲಿಯ ಬಡತನ 2019ರ ಸೆಪ್ಟೆಂಬರ್‌ನಲ್ಲಿ ಶೇ 3.61 ಇತ್ತು. ಒಂದು ವರ್ಷದ ನಂತರ ಶೇ 4.45. ಏರಿದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಸಹಾಯ ಯಾಕೆ ಬೇಕು, ಎಲ್ಲ ಸುಮ್ನೆ ಗಲಾಟೆ ಅನ್ನುವವರು ಹಿಡಿದುಕೊಳ್ಳುವ ಅಂಕಿ ಇದು.

ಬಡತನದ ರೇಖೆ ತುಂಬ ಕೆಳಗಿರುತ್ತದೆ. ಅದಕ್ಕಿಂತ ಬಹಳ ಮೇಲಿದ್ದವರು ಧಡಾರನೆ ಬಿದ್ದರೂ ರೇಖೆಯ ಸ್ವಲ್ಪ ಮೇಲೆಯೇ ಬಂದು ನಿಲ್ಲುತ್ತಾರೆ. ಜೊತೆಗೆ ಇಂಡೋನೇಷ್ಯಾದಲ್ಲಿ ಬಡತನವನ್ನು ಅಳೆಯುವುದು ಮನೆಯ ಖರ್ಚಿನಿಂದ. ಒಡವೆ ಮಾರಿ, ಸಾಲ ಮಾಡಿ ಊಟ ಮಾಡಿದರೂ ಅದು ಖರ್ಚೇ. ಆ ಸಮೀಕ್ಷೆಯ ಕಣ್ಣಿಗೆ ಹಾಗೆ ತಿಂದವನು ಬಡವನಲ್ಲ. ತಟ್ಟೆ ನೋಡಿತು, ಪೆಟ್ಟಿಗೆ ನೋಡಲಿಲ್ಲ.

ನಿರುದ್ಯೋಗದ ಅಂಕಿ ಇದಕ್ಕಿಂತ ಸ್ವಲ್ಪ ಪ್ರಾಮಾಣಿಕ. 2019ರ ಆಗಸ್ಟ್‌ನಲ್ಲಿ ಶೇ 1.57 ಇದ್ದದ್ದು ಮರುವರ್ಷ ಶೇ 5.63 ಆಯಿತು. ದೇಶದಲ್ಲೇ ಅತಿ ಕಡಿಮೆ ನಿರುದ್ಯೋಗ ಇದ್ದ ಪ್ರಾಂತ್ಯ ಅದು.

ಪಟ್ಟಿಯಲ್ಲಿ ಹೆಸರಿಲ್ಲ

ಆಹಾರ ಸಹಾಯದ ಬಗ್ಗೆ ಮಾತು ಬಂದಾಗೆಲ್ಲ ಏನು ಕೊಡಬೇಕು ಅನ್ನುವುದರ ಮೇಲೇ ಜಗಳ. ಬಾಲಿಯಲ್ಲಿ ಮೊದಲು ಎಡವಿದ್ದು ಯಾರಿಗೆ ಕೊಡಬೇಕು ಅನ್ನುವಲ್ಲಿ.

ಇಂಡೋನೇಷ್ಯಾ ಸರ್ಕಾರದ ಬಳಿ ಬಡವರ ಒಂದು ದೊಡ್ಡ ಪಟ್ಟಿ ಇತ್ತು. ಅದರ ಬಹುಪಾಲು ಮಾಹಿತಿ 2015ರಷ್ಟು ಹಳೆಯದು ಅಂತ ಆಗಲೇ ಟೀಕೆ ಇತ್ತು. 2015ರಲ್ಲಿ ಹೋಟೆಲ್ ರಿಸೆಪ್ಷನ್‌ನಲ್ಲಿ ಕೂತಿದ್ದವನ ಹೆಸರು ಅದರಲ್ಲಿ ಯಾಕಿರುತ್ತದೆ? ಅವನಿಗೆ ಟೈಲ್ಸ್ ಹಾಕಿದ ಮನೆ ಇದೆ, ಒಳ್ಳೆ ಫೋನ್ ಇದೆ, ಬೈಕ್ ಇದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನೋಡಿದವರು ಆಡಿಕೊಳ್ಳುವ ಸ್ಥಿತಿ. ಮಲ್ಲಿಗೆ ಹೋದ ವರ್ಷ ಮುಡಿದದ್ದು ಅಂತ ಯಾರಿಗೆ ಹೇಳುವುದು?

ಇದನ್ನು ಸರಿಪಡಿಸಲು ಒಂದು ಒಳ್ಳೆಯ ಪ್ರಯತ್ನ ನಡೆಯಿತು. 2020ರಲ್ಲಿ ಹಳ್ಳಿಗಳಿಗೆ ಕೊಡುವ ಅಭಿವೃದ್ಧಿ ಹಣದಲ್ಲೇ ಒಂದು ಭಾಗವನ್ನು ನಗದು ಸಹಾಯಕ್ಕೆ ತಿರುಗಿಸಿದರು. ಮೊದಲ ಮೂರು ತಿಂಗಳು ಮನೆಗೆ ತಿಂಗಳಿಗೆ 6 ಲಕ್ಷ ರುಪಿಯಾ (ಅಲ್ಲಿನ ಹಣ, ನಮ್ಮ ಸುಮಾರು 3,000 ರೂಪಾಯಿ), ಆಮೇಲೆ 3 ಲಕ್ಷ. ಬೇರೆ ಯೋಜನೆಯ ಪಟ್ಟಿಯಲ್ಲಿ ಇಲ್ಲದ, ಆದರೆ ದುಡಿಮೆ ಕಳೆದುಕೊಂಡ ಮನೆಗಳನ್ನು ಹಳ್ಳಿಯ ಸಭೆಯೇ ಗುರುತಿಸಬೇಕಿತ್ತು. ಯಾರ ಮನೆಯಲ್ಲಿ ಒಲೆ ಉರಿಯುತ್ತಿಲ್ಲ ಅಂತ ಜಕಾರ್ತಾದ ಕಂಪ್ಯೂಟರಿಗಿಂತ ಪಕ್ಕದ ಮನೆಯವರಿಗೆ ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ?

ಆದರೆ ಈ ಹಣ ‘ದೇಸಾ’ ಅಂದರೆ ಗ್ರಾಮ ಅನ್ನಿಸಿಕೊಂಡ ಊರುಗಳಿಗೆ ಮಾತ್ರ ಬರುತ್ತದೆ. ಪಟ್ಟಣದ ವಾರ್ಡುಗಳಿಗೆ ಬರುವುದಿಲ್ಲ. ಪ್ರವಾಸಿಗರು ತುಂಬಿರುತ್ತಿದ್ದ ಕೂಟಾ, ಲೆಗಿಯಾನ್, ಸೆಮಿನ್ಯಾಕ್ ಮೂರೂ ವಾರ್ಡುಗಳೇ. ಪೆಟ್ಟು ಜೋರಾಗಿ ಬಿದ್ದ ಜಾಗಕ್ಕೆ ಈ ಬಾಗಿಲು ತೆರೆಯಲೇ ಇಲ್ಲ. ಅಲ್ಲಿಯವರು ಬೇರೆ ಯೋಜನೆಗಳನ್ನು ನೆಚ್ಚಬೇಕಾಯಿತು.

ಇನ್ನು ಅಕ್ಕಪಕ್ಕದ ದ್ವೀಪಗಳಾದ ಜಾವಾ, ಲೊಂಬೊಕ್‌ನಿಂದ ಬಂದು ದುಡಿಯುತ್ತಿದ್ದವರ ಕಷ್ಟವೇ ಬೇರೆ. ಗುರುತಿನ ಚೀಟಿಯಲ್ಲಿ ಯಾವ ಊರಿನ ವಿಳಾಸ ಇದೆಯೋ ಅಲ್ಲೇ ಅವರ ಹಕ್ಕು. ಬಾಲಿಯಲ್ಲಿ ಸರ್ಕಾರಿ ಗ್ರಾಮದ ಜೊತೆಗೆ ಸಂಪ್ರದಾಯದ ಗ್ರಾಮ ಅಂತ ಇನ್ನೊಂದು ವ್ಯವಸ್ಥೆ ಇದೆ. ಅಂಥವು ಸುಮಾರು 1,500 ಇವೆ. ಕಷ್ಟಕಾಲದಲ್ಲಿ ಇವು ಚೆನ್ನಾಗಿಯೇ ಕೈಜೋಡಿಸಿದವು. ಆದರೆ ಅದು ದೇವಸ್ಥಾನ, ಕುಲ, ಹಬ್ಬಗಳ ಸುತ್ತ ಹೆಣೆದ ಸದಸ್ಯತ್ವ. ಹೊರಗಿನಿಂದ ಬಂದು ಬಾಡಿಗೆ ಕೋಣೆಯಲ್ಲಿರುವ ಅಡುಗೆಯವನು ಅಲ್ಲಿ ಸದಸ್ಯನಲ್ಲ.

ನಮ್ಮಲ್ಲೂ ಇದೇ ಗಂಟು ಇದೆ. ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ 1.20 ಲಕ್ಷ ರೂಪಾಯಿ ಆದಾಯದ ಮಿತಿ. ಕೊರೊನಾ ಕಾಲದಲ್ಲಿ ಕರ್ನಾಟಕ ಸರ್ಕಾರ ಆಟೊ, ಟ್ಯಾಕ್ಸಿ ಚಾಲಕರಿಗೆ 2020ರಲ್ಲಿ 5,000 ರೂಪಾಯಿ, 2021ರಲ್ಲಿ 3,000 ರೂಪಾಯಿ ಕೊಟ್ಟಿತು. ಲೈಸನ್ಸ್, ದಾಖಲೆ ಸರಿಯಿದ್ದವರು ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿ ಪಡೆದರು. ಹಂಪಿಯಲ್ಲಿ ಎಳನೀರು ಮಾರುವವರಿಗೆ, ಗೋಕರ್ಣದ ಬೀಚ್ ಶ್ಯಾಕಿನಲ್ಲಿ ಪಾತ್ರೆ ತೊಳೆಯುವವರಿಗೆ ತೋರಿಸಲು ಅಂಥ ಲೈಸನ್ಸ್ ಎಲ್ಲಿಂದ ಬರಬೇಕು?

ಅಕ್ಕಿಯೋ, ಕಾಸೋ, ಕಿಟ್ಟೋ

ಬಾಲಿಯ ಅಂಗಡಿಗಳಲ್ಲಿ ಅಕ್ಕಿ ಇತ್ತು ಅನ್ನುವುದನ್ನು ಮರೆಯಬಾರದು. ಬರಗಾಲ ಬಂದಿರಲಿಲ್ಲ. ಅಲ್ಲಿ ಇಲ್ಲದೇ ಇದ್ದದ್ದು ಕೊಳ್ಳುವ ಕಾಸು. ಹಾಗಾದರೆ ಕಾಸನ್ನೇ ಕೊಡಿ ಅನ್ನುವವರ ವಾದ ಸರಳವಾಗಿದೆ. ಕಾಸು ಕೊಟ್ಟರೆ ಒಬ್ಬರು ಅಕ್ಕಿ ತರುತ್ತಾರೆ, ಇನ್ನೊಬ್ಬರು ಮಗುವಿಗೆ ಹಾಲು ತರುತ್ತಾರೆ, ಮತ್ತೊಬ್ಬರು ಗ್ಯಾಸ್ ತುಂಬಿಸುತ್ತಾರೆ. ಬೀದಿಯ ‘ವಾರುಂಗ್’, ಅಂದರೆ ನಮ್ಮ ಗೂಡಂಗಡಿಯಂಥದ್ದು, ಅದೂ ಉಳಿಯುತ್ತದೆ. ಬೇರೆಲ್ಲಿಂದಲೋ ಲಾರಿಯಲ್ಲಿ ಕಿಟ್ ತಂದು ಹಂಚಿದರೆ ಆ ಅಂಗಡಿಯವಳೂ ನಾಳೆ ಸಾಲಿನಲ್ಲಿ ನಿಲ್ಲುತ್ತಾಳೆ.

ಅಕ್ಕಿಯೇ ಇರಲಿ ಅನ್ನುವವರ ಮಾತಿನಲ್ಲೂ ಹುರುಳಿದೆ. ಕಂತು ಕಟ್ಟಿಲ್ಲ ಅಂತ ಸಾಲದವನು ಬಾಗಿಲಲ್ಲಿ ನಿಂತಿರುವಾಗ ಕೈಗೆ ಬಂದ ಕಾಸು ಅಡುಗೆಮನೆಗೆ ಹೋಗುವುದು ಕಷ್ಟ. ಅಕ್ಕಿಯಾದರೆ ನೇರ ಅನ್ನದ ಪಾತ್ರೆಗೆ ಹೋಗುತ್ತದೆ. ಬೆಲೆ ಏರಿದರೂ ಐದು ಕೆ.ಜಿ. ಐದು ಕೆ.ಜಿ.ಯೇ.

ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2023ರ ಜುಲೈಯಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕೆ.ಜಿ. ಅಕ್ಕಿ ಸಿಗದೆ ಕೆ.ಜಿ.ಗೆ 34ರಂತೆ ಒಬ್ಬರಿಗೆ 170 ರೂಪಾಯಿ ಖಾತೆಗೆ ಹಾಕಿದರು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿ. ಅದೇ ಅಕ್ಟೋಬರ್‌ನಲ್ಲಿ ಆ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ‘ಇಂದಿರಾ ಆಹಾರ ಕಿಟ್’ ಕೊಡಲು ಸಚಿವ ಸಂಪುಟ ಒಪ್ಪಿತು. ಮೂರೂ ದಾರಿಗಳನ್ನು ನಾವು ಎರಡೂವರೆ ವರ್ಷದಲ್ಲೇ ಸುತ್ತಿ ಬಂದಿದ್ದೇವೆ.

ಇಂಡೋನೇಷ್ಯಾದಲ್ಲಿ ಈ ಕಿಟ್‌ಗೆ ‘ಸೆಂಬಾಕೊ’ ಅನ್ನುತ್ತಾರೆ. ಒಂಬತ್ತು ಮುಖ್ಯ ಪದಾರ್ಥ ಅನ್ನುವುದರ ಚಿಕ್ಕ ರೂಪ. ಕೊರೊನಾ ಕಾಲದಲ್ಲಿ ಜಕಾರ್ತಾ ಸುತ್ತಮುತ್ತ ಹಂಚಿದ ಇಂಥ ಚೀಲ ಒಂದಕ್ಕೆ 3 ಲಕ್ಷ ರುಪಿಯಾ ಲೆಕ್ಕ. ಚೀಲಕ್ಕೆ 10,000 ರುಪಿಯಾದಂತೆ ಗುತ್ತಿಗೆದಾರರಿಂದ ವಸೂಲಿ ಆಗಿದೆ ಅಂತ ಭ್ರಷ್ಟಾಚಾರ ನಿಗ್ರಹ ಆಯೋಗ ಹೇಳಿತು. 2020ರ ಡಿಸೆಂಬರ್‌ನಲ್ಲಿ ಸಮಾಜ ಕಲ್ಯಾಣ ಸಚಿವ ಜೂಲಿಯಾರಿ ಬತುಬಾರಾ ಬಂಧನಕ್ಕೊಳಗಾದರು. 2021ರ ಆಗಸ್ಟ್‌ನಲ್ಲಿ ಕೋರ್ಟ್ 12 ವರ್ಷ ಜೈಲು ವಿಧಿಸಿತು. ಒಂದು ಚೀಲಕ್ಕೆ ಹತ್ತು ಸಾವಿರ ರುಪಿಯಾ ಅಂದರೆ ನಮ್ಮ ಐವತ್ತು ರೂಪಾಯಿ ಆಸುಪಾಸು. ಚಿಲ್ಲರೆ ಅನ್ನಿಸುತ್ತದೆ. ಆದರೆ ಆಗ ಅದು ಸುಮಾರು ಒಂದು ಕೆ.ಜಿ. ಅಕ್ಕಿಯ ದುಡ್ಡು.

ಕಿಟ್‌ನ ಅಪಾಯ ಇಲ್ಲೇ ಇದೆ. ನಗದು ಒಂದೇ ಕೈಯಿಂದ ಖಾತೆಗೆ ಹೋಗುತ್ತದೆ. ಕಿಟ್ ಕೊಳ್ಳಬೇಕು, ತುಂಬಬೇಕು, ಸಾಗಿಸಬೇಕು. ಪ್ರತಿ ಹೆಜ್ಜೆಗೂ ಒಂದು ಟೆಂಡರ್, ಪ್ರತಿ ಟೆಂಡರಿಗೂ ಒಂದು ಕೈ.

ಬಾಲಿಯಲ್ಲಿ ಕಿಟ್‌ನಿಂದಲೇ ಒಂದು ಲಾಭ ಪಡೆಯಬಹುದಿತ್ತು. ಬೆಡುಗುಲ್ ಬೆಟ್ಟದ ರೈತರು ಹೋಟೆಲ್‌ಗಳಿಗಾಗಿಯೇ ತರಕಾರಿ ಬೆಳೆಯುತ್ತಿದ್ದರು. ಹೋಟೆಲ್ ಮುಚ್ಚಿದ ಮೇಲೆ ಕೊಳ್ಳುವವರಿಲ್ಲದೆ ಬೆಲೆ ನೆಲಕಚ್ಚಿತು. ಮೇಲೆ ತರಕಾರಿ ಕೊಳೆಯುತ್ತಿದೆ, ಕೆಳಗೆ ಮನೆಗಳಲ್ಲಿ ಸಾರಿಗೆ ತರಕಾರಿ ಇಲ್ಲ. ಆ ರೈತರಿಂದ ಕೊಂಡು ಚೀಲಕ್ಕೆ ಹಾಕಿದರೆ ಎರಡೂ ಕಡೆಗೆ ಆಗುತ್ತದೆ. ಆದರೆ ಹಸಿ ತರಕಾರಿ ಟೆಂಡರಿಗೆ ಒಗ್ಗುವುದಿಲ್ಲ. ಬೇಗ ಬಾಡುತ್ತದೆ, ದಿನದಿನಕ್ಕೆ ಬೆಲೆ ಬೇರೆ. ದೊಡ್ಡ ಯೋಜನೆಗೆ ನೂಡಲ್ಸ್, ಎಣ್ಣೆ ಪ್ಯಾಕೆಟ್ಟೇ ಸಲೀಸು.

ತಕ್ಕಡಿಯ ಮೇಲೆ ಪ್ಲಾಸ್ಟಿಕ್

ಸರ್ಕಾರದ ಹೊರಗೆ ನಡೆದದ್ದರಲ್ಲಿ ಹೆಚ್ಚು ಸುದ್ದಿಯಾದದ್ದು ‘ಪ್ಲಾಸ್ಟಿಕ್ ಎಕ್ಸ್‌ಚೇಂಜ್’. ಮಾಡೆ ಜನೂರ್ ಯಾಸಾ ಅನ್ನುವ ರೆಸ್ಟೋರೆಂಟ್ ಮಾಲೀಕರು 2020ರ ಮೇನಲ್ಲಿ ತಮ್ಮ ಹಳ್ಳಿಯಲ್ಲಿ ಶುರು ಮಾಡಿದರು. ಪ್ಲಾಸ್ಟಿಕ್ ತಂದುಕೊಡಿ, ಅಕ್ಕಿ ತಗೊಂಡು ಹೋಗಿ. 2021ರಲ್ಲಿ ಸಿಎನ್‌ಎನ್ ಇವರನ್ನು ತನ್ನ ಹೀರೋಗಳಲ್ಲಿ ಒಬ್ಬರಾಗಿ ಗುರುತಿಸಿತು. ಅಷ್ಟರಲ್ಲಿ ಸುಮಾರು 300 ಟನ್ ಪ್ಲಾಸ್ಟಿಕ್ ಸೇರಿತ್ತು, ಸಾವಿರಾರು ಮನೆಗೆ ಅಕ್ಕಿ ಹೋಗಿತ್ತು.

ನಡೆಯುವ ರೀತಿ ಹೀಗೆ. ‘ಬಂಜಾರ್’ ಅನ್ನುವುದು ಬಾಲಿಯ ಕೇರಿ ಮಟ್ಟದ ಸಂಘ. ಅದಕ್ಕೆ ಕಂಬಗಳ ಮೇಲೆ ನಿಂತ, ಸುತ್ತ ತೆರೆದ ಒಂದು ಕಟ್ಟೆಮನೆ ಇರುತ್ತದೆ. ಜನ ಗೋಣಿಯಲ್ಲಿ ಬಾಟಲಿ, ಕವರು, ಶ್ಯಾಂಪೂ ಡಬ್ಬಿ ವಿಂಗಡಿಸಿ ತರುತ್ತಾರೆ. ತೂಕವಾಗುತ್ತದೆ. ಪ್ಲಾಸ್ಟಿಕ್‌ನ ಜಾತಿ ನೋಡಿ ಅಕ್ಕಿ ಅಳೆಯುತ್ತಾರೆ. ಸೇರಿದ ಪ್ಲಾಸ್ಟಿಕ್ ಮರುಬಳಕೆಗೆ ಜಾವಾಕ್ಕೆ ಹೋಗುತ್ತದೆ.

ಇದರ ಜಾಣತನ ಪಟ್ಟಿಯ ಸಮಸ್ಯೆಯನ್ನು ಬದಿಗೆ ಸರಿಸಿದ್ದರಲ್ಲಿದೆ. ನೀನು ಬಡವನಾ ಅಂತ ಯಾರೂ ಕೇಳಬೇಕಿಲ್ಲ. ಬೈಕಿನಲ್ಲಿ ಬಂದರೂ ಅಕ್ಕಿ ಸಿಗುತ್ತದೆ. ನಿನ್ನೆಯವರೆಗೆ ಟೈ ಕಟ್ಟಿದ್ದವನು ದಾನ ತಗೊಂಡೆ ಅನ್ನಿಸಿಕೊಳ್ಳದೆ ಮನೆಗೆ ಹೋಗಬಹುದು. ಮರ್ಯಾದೆಯಿಂದ ಬಾಳಿದ ಮನೆಗಳಿಗೆ ಇದು ಸಣ್ಣ ವಿಷಯವಲ್ಲ.

ಆದರೆ ಇದನ್ನೇ ದೊಡ್ಡ ಪರಿಹಾರ ಅಂತ ಹೊಗಳುವಾಗ ಸ್ವಲ್ಪ ತಡೆಯಬೇಕು. ಹಾಸಿಗೆ ಹಿಡಿದ ಅಜ್ಜಿ ಪ್ಲಾಸ್ಟಿಕ್ ಹೆಕ್ಕಲಾರಳು, ಬಾಣಂತಿಯೂ ಅಷ್ಟೇ. ಪ್ಲಾಸ್ಟಿಕ್ ಮಾರಿದ ದುಡ್ಡಿನಲ್ಲೇ ಊರೂರಿಗೆ ಅಕ್ಕಿ ಕೊಡಲಾಗದು, ದಾನಿಗಳ ಕೈ ಬೇಕೇ ಬೇಕು. ಹಸಿದವನು ಏನಾದರೂ ಕೊಟ್ಟರೆ ಮಾತ್ರ ಅನ್ನ ಅನ್ನುವುದನ್ನು ಸರ್ಕಾರವೇ ನಿಯಮ ಮಾಡಿಕೊಂಡರೆ ಅದು ಬೇರೆಯೇ ಕಥೆ. ನೆರೆಹೊರೆಯವರು ಮಾಡಿದಾಗ ಚೆಂದ ಕಂಡದ್ದು ಇಲಾಖೆ ಮಾಡಿದಾಗ ಚೆಂದ ಇರುವುದಿಲ್ಲ.

ಊರಿಗೆ ವಾಪಸ್ ಹೋದವರ ಕ್ಯಾಲೆಂಡರ್

ತುಂಬ ಜನ ಹುಟ್ಟಿದೂರಿಗೆ ಹೋದರು. ನೂಸಾ ಪೆನಿಡಾ, ನೂಸಾ ಲೆಂಬೊಂಗನ್ ದ್ವೀಪಗಳಲ್ಲಿ ಒಂದು ಕಾಲಕ್ಕೆ ಕಡಲಪಾಚಿ ಬೆಳೆಯುತ್ತಿದ್ದರು. ಪ್ರವಾಸಿಗರು ಬಂದ ಮೇಲೆ ಬಿಟ್ಟಿದ್ದರು. 2020ರಲ್ಲಿ ಮತ್ತೆ ಸಮುದ್ರಕ್ಕೆ ಹಗ್ಗ ಕಟ್ಟಿದರು. ಗದ್ದೆ ಇದ್ದವರು ಗದ್ದೆಗಿಳಿದರು.

ಕಡಲಪಾಚಿ ಕೊಯ್ಲಿಗೆ ಬರಲು ಒಂದರಿಂದ ಒಂದೂವರೆ ತಿಂಗಳು ಬೇಕು. ಭತ್ತಕ್ಕೆ ಮೂರೂವರೆ ನಾಲ್ಕು ತಿಂಗಳು. ಪಾಚಿಯನ್ನು ಬೇಯಿಸಿ ಹೊಟ್ಟೆ ತುಂಬಿಸಿಕೊಳ್ಳಲಾಗದು, ಮಾರಬೇಕು. ಆಹಾರ ಸಹಾಯದ ನಿಜವಾದ ಕೆಲಸ ಈ ಸಂದಿನಲ್ಲಿದೆ. ಬಿತ್ತಿದ ದಿನದಿಂದ ಕೊಯ್ಲಿನ ದಿನದವರೆಗೆ ಮನೆ ನಡೆಯಬೇಕು. ನಡೆಯದಿದ್ದರೆ ಬೀಜ, ಹಗ್ಗಕ್ಕೆ ಇಟ್ಟ ದುಡ್ಡೇ ಅಕ್ಕಿಗೆ ಹೋಗುತ್ತದೆ, ಮತ್ತೆ ಮೊದಲಿಗೇ ಬರುತ್ತಾರೆ. ಒಮ್ಮೆ ಬಂದು ಫೋಟೊ ತೆಗೆಸಿಕೊಂಡು ಹೋಗುವ ದೊಡ್ಡ ಚೀಲಕ್ಕಿಂತ, ನಾಲ್ಕು ತಿಂಗಳು ತಪ್ಪದೆ ಬರುವ ಸಣ್ಣ ಚೀಲ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಇನ್ನು ಜಮೀನನ್ನು ವಿಲ್ಲಾ ಕಟ್ಟುವವರಿಗೆ 25–30 ವರ್ಷಕ್ಕೆ ಗುತ್ತಿಗೆ ಕೊಟ್ಟವರಿದ್ದಾರೆ. ಅವರಿಗೆ ವಾಪಸ್ ಹೋಗಲು ಗದ್ದೆಯೇ ಇರಲಿಲ್ಲ. ಬಾಲಿಯಲ್ಲಿ ‘ಸುಬಕ್’ ಅಂತ ಸಾವಿರ ವರ್ಷ ಹಳೆಯ ನೀರು ಹಂಚಿಕೆಯ ಪದ್ಧತಿ ಇದೆ. ಮೇಲಿನ ಗದ್ದೆಯ ನೀರು ಕೆಳಗಿನದಕ್ಕೆ ಸರದಿಯಲ್ಲಿ ಹರಿಯುತ್ತದೆ. 2012ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಡುವೆ ಒಂದು ಗದ್ದೆ ಈಜುಕೊಳವಾದರೆ ಕೆಳಗಿನ ನಾಲ್ಕು ಗದ್ದೆಯ ಕಾಲುವೆ ಕೆಡುತ್ತದೆ. ಗವರ್ನರ್ ಮಾತಿನ ಉಳಿದರ್ಧ ಇದು. ಪ್ರವಾಸಿಗರು ಬಾರದ ವರ್ಷ ಊಟ ಹಾಕಿದ್ದು ಇದೇ ಗದ್ದೆ.

ಕೊಡುವವನ ಕಿಸೆಯೂ ಖಾಲಿ

ಕೂಟಾ, ಸೆಮಿನ್ಯಾಕ್, ನೂಸಾ ದುವಾ ಎಲ್ಲ ಬರುವುದು ಬಡುಂಗ್ ಜಿಲ್ಲೆಗೆ. ಅದರ ಆದಾಯದ ದೊಡ್ಡ ಪಾಲು ಹೋಟೆಲ್, ರೆಸ್ಟೋರೆಂಟ್ ಬಿಲ್ಲಿನ ಮೇಲಿನ ಶೇ 10ರ ತೆರಿಗೆ. ಅದರಲ್ಲಿ ಒಂದು ಭಾಗವನ್ನು ಬಡುಂಗ್ ಬೇರೆ ಬಡ ಜಿಲ್ಲೆಗಳಿಗೂ ಹಂಚುತ್ತಿತ್ತು. ಪ್ರವಾಸಿಗರು ನಿಂತ ದಿನ ಕೆಲಸಗಾರನ ಸಂಬಳ ನಿಂತಿತು. ಅದೇ ದಿನ ಅವನಿಗೆ ಸಹಾಯ ಮಾಡಬೇಕಾದ ಜಿಲ್ಲೆಯ ತೆರಿಗೆಯೂ ನಿಂತಿತು. ಬಡುಂಗ್ ಕಡೆ ಮುಖ ಮಾಡಿ ಕೂತಿದ್ದ ಕರಂಗಾಸೆಂನಂಥ ಜಿಲ್ಲೆಗೂ ಪಾಲು ತಪ್ಪಿತು. ಒಂದೇ ಹಗ್ಗಕ್ಕೆ ಮೂರು ಕೊಡ ಕಟ್ಟಿ ಬಾವಿಗೆ ಬಿಟ್ಟಂತೆ.

ಇದಕ್ಕೆ ದಾರಿ ಇಲ್ಲವೆಂದೇನೂ ಅಲ್ಲ. ಸೀಸನ್ ಚೆನ್ನಾಗಿರುವಾಗ ತೆರಿಗೆಯ ಸ್ವಲ್ಪ ಪಾಲನ್ನು ಬೇರೆ ಇಟ್ಟು, ಬಂದವರ ಸಂಖ್ಯೆ ಇಂತಿಷ್ಟಕ್ಕಿಂತ ಕೆಳಗಿಳಿದರೆ ತಾನಾಗಿ ಹೊರಬರುವಂತೆ ಮಾಡಬಹುದು. ಹೋಟೆಲ್ ಕೆಲಸಗಾರರು, ಗೈಡ್‌ಗಳು, ಡ್ರೈವರ್‌ಗಳ ಪಟ್ಟಿಯನ್ನು ಕಷ್ಟ ಬಂದ ಮೇಲೆ ಹುಡುಕುವ ಬದಲು ಈಗಲೇ ಮಾಡಿಡಬಹುದು. ಇದಕ್ಕೆ ಅಡ್ಡಿ ರಾಜಕೀಯದ್ದು. ತುಂಬಿದ ಹೋಟೆಲ್ ತೋರಿಸಿ ಓಟು ಕೇಳಬಹುದು, ಮುಂದಿನ ಕಷ್ಟಕ್ಕೆ ಎತ್ತಿಟ್ಟ ದುಡ್ಡು ತೋರಿಸಿ ಕೇಳುವುದು ಕಷ್ಟ.

2024ರ ಫೆಬ್ರವರಿ 14ರಿಂದ ಬಾಲಿಗೆ ಬರುವ ಪ್ರತಿ ವಿದೇಶಿಗನೂ 1.5 ಲಕ್ಷ ರುಪಿಯಾ ಶುಲ್ಕ ಕೊಡಬೇಕು. ನಮ್ಮ ದುಡ್ಡಿನಲ್ಲಿ ಸುಮಾರು 800 ರೂಪಾಯಿ. ಬೆಂಗಳೂರಿನಿಂದ ಹನಿಮೂನ್‌ಗೆ ಹೋದವರೂ ಕಟ್ಟಬೇಕಾದದ್ದೇ. ಆ ಹಣ ಬಾಲಿಯ ಸಂಸ್ಕೃತಿ ಮತ್ತು ಪರಿಸರವನ್ನು ಕಾಪಾಡಲು ಅಂತ ನಿಯಮ ಹೇಳುತ್ತದೆ. ಕೋಣೆ ಸ್ವಚ್ಛ ಮಾಡುವವಳನ್ನು ಮತ್ತೊಮ್ಮೆ ‘ಮನೆಗೆ ಕಳಿಸಿದರೆ’ ಅವಳ ಪಾಲಿಗೆ ಅದರಲ್ಲಿ ಎಷ್ಟು ಅನ್ನುವುದನ್ನು ಅದು ಹೇಳುವುದಿಲ್ಲ.